ಆಫೀಸಿಗೂ ಟ್ರ್ಯಾಕಿಗೂ ಒಂದೇ ಕಾರು

ನಾನಿರುವ ಜರ್ಮನಿಯ ಕೊಲೋನ್‌ನಿಂದ ನ್ಯೂರ್‌ಬರ್ಗ್‌ರಿಂಗ್ ಎಂಬ ರೇಸ್ ಟ್ರ್ಯಾಕಿಗೆ ಒಂದು ಗಂಟೆ ಚಿಲ್ಲರೆ ದಾರಿ. 1927ರಲ್ಲಿ ತೆರೆದ ಅದರ ಉತ್ತರದ ಟ್ರ್ಯಾಕು ಈಗ 20.8 ಕಿಲೋಮೀಟರು. ರೇಸು ಇಲ್ಲದ ಎಷ್ಟೋ ದಿನ, ದುಡ್ಡು ಕೊಟ್ಟರೆ ನಮ್ಮಂಥವರ ಮಾಮೂಲಿ ಕಾರನ್ನೂ ಒಳಗೆ ಬಿಡುತ್ತಾರೆ. ಆಗುಂಬೆ ಘಾಟಿಯಲ್ಲಿ ಸ್ಟೇರಿಂಗು ತಿರುಗಿಸಿ ಬೆಳೆದವನು ಸುಮ್ಮನಿರುವುದುಂಟೇ?

ಆದರೆ ಘಾಟಿಯಲ್ಲಿ ಎರಡನೇ ಗೇರು, ಎದುರಿಗೆ ಬಸ್ಸು. ಇಲ್ಲಿನ ವೇಗವೇ ಬೇರೆ. ಜೋರಾಗಿ ತಿರುಗಿದಾಗ ಕಾರು ವಾಲಿ, ಹೊರಬದಿಯ ಟಯರು ತನ್ನ ಹೊರ ಅಂಚಿನ ಮೇಲೆ ನಿಂತುಬಿಡುತ್ತದೆ. ಕಂಪನಿ ಸೆಟ್ಟಿಂಗಿನಲ್ಲೇ ಓಡಿಸಿದರೆ ಆ ಅಂಚು ಕಾಯಿ ತುರಿದ ಹಾಗೆ ಉದುರುತ್ತದೆ. ಅದಕ್ಕೇ ಚಕ್ರದ ಮೇಲ್ತುದಿಯನ್ನು ಒಳಕ್ಕೆ ವಾಲಿಸುವುದು, ಅಂದರೆ ನೆಗೆಟಿವ್ ಕ್ಯಾಂಬರ್. ಬರೀ ಟ್ರ್ಯಾಕಿನ ಕಾರಿಗೆ ಮೂರು ಡಿಗ್ರಿ ಇಡುವವರಿದ್ದಾರೆ. ನನಗೆ ಮುಂದೆ ಎರಡು, ಹಿಂದೆ ಒಂದೂವರೆ ಸಾಕು. ಜಾಸ್ತಿಯಾದರೆ ನೇರ ರಸ್ತೆಯಲ್ಲಿ ಟಯರು ಪೂರ್ತಿ ಊರುವುದಿಲ್ಲ. ಮಳೆಯಲ್ಲಿ ಬ್ರೇಕು ಒತ್ತಿದಾಗ ಗೊತ್ತಾಗುತ್ತದೆ.

ಟಯರು ಸವೆದರೆ ಎಲ್ಲರೂ ಕ್ಯಾಂಬರನ್ನೇ ಬೈಯುತ್ತಾರೆ. ನಾನು ಬೈಯುವುದು ಟೋವನ್ನು, ಅಂದರೆ ಮೇಲಿನಿಂದ ನೋಡಿದರೆ ಚಕ್ರದ ಮೂತಿ ಎತ್ತ ತಿರುಗಿದೆ ಅನ್ನುವುದನ್ನು. ಚಕ್ರದ ಮೂತಿ ಒಳಗೋ ಹೊರಗೋ ತಿರುಗಿದ್ದರೆ ಟಯರು ಉರುಳುತ್ತಲೇ ರಸ್ತೆಗೆ ಉಜ್ಜುತ್ತಲೂ ಹೋಗುತ್ತದೆ. ಮುಂದಿನವು ಚೂರು ಹೊರಗಿದ್ದರೆ ಕಾರು ತಿರುವಿಗೆ ಚುರುಕಾಗಿ ನುಗ್ಗುತ್ತದೆ, ನಿಜ. ಆದರೆ ಆಫೀಸಿಗೆ ಹೋಗುವಾಗ ಹೈವೇಯಲ್ಲಿ ಅತ್ತಿತ್ತ ಎಳೆಯುತ್ತದೆ. ಹಾಗಾಗಿ ಮುಂದೆ ಸೊನ್ನೆ, ಹಿಂದೆ ಚೂರೇ ಚೂರು ಒಳಗೆ.

ಅಲೈನ್‌ಮೆಂಟ್ ಮಾಡುವಾತ ಮೊದಲು ಕೇಳಿದ್ದು ನನ್ನ ತೂಕ. ಅಷ್ಟೇ ತೂಕದ ಮರಳಿನ ಚೀಲಗಳನ್ನು ಡ್ರೈವರ್ ಸೀಟಿಗೆ ಹೇರಿ, ಗಾಳಿ ನೋಡಿ, ಕ್ಯಾಂಬರ್ ಕೂರಿಸಿ, ಕೊನೆಗೆ ಟೋ ಮುಟ್ಟಿದ. ಕ್ಯಾಂಬರ್ ಅಲುಗಿದರೆ ಟೋವೂ ಅಲುಗುತ್ತದೆ, ಉಲ್ಟಾ ಮಾಡಿದರೆ ಕೆಲಸ ಎರಡು ಸಲ.

ಇದನ್ನೆಲ್ಲ ತೀರ್ಥಹಳ್ಳಿಯ ಭಾವನಿಗೆ ಫೋನಿನಲ್ಲಿ ಹೇಳಿದೆ. "ಎಂತ ಮಾರಾಯ, ದುಡ್ಡು ಕೊಟ್ಟು ಚಕ್ರ ಸೊಟ್ಟ ಮಾಡಿಸ್ತೀಯ? ನಮ್ಮಲ್ಲಿ ಮಳೆಗಾಲದ ಹೊಂಡ ಪುಕ್ಕಟೆ ಮಾಡಿ ಕೊಡ್ತದೆ" ಅಂದ್ರು. ಅವರ ಕಾರಿನ ಎಡಗಡೆ ಮುಂದಿನ ಟಯರು ಒಳಗಿನಿಂದ ಸವೆಯುತ್ತಿದೆಯಂತೆ. ಭಾವ, ನಿಮ್ಮದರಂಥ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಟೋ ಮಾತ್ರ ತಿರುಗಿಸಲಿಕ್ಕೆ ಬರುವುದು. ಶಿವಮೊಗ್ಗದಲ್ಲಿ ಅಲೈನ್‌ಮೆಂಟ್ ಮಾಡಿಸುವಾಗ ಮೊದಲಿನದೂ ಆಮೇಲಿನದೂ ಎರಡೂ ಪ್ರಿಂಟ್ ಇಸ್ಕೊಳ್ಳಿ. ಎಡಬಲದ ಕ್ಯಾಂಬರಿನಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್, ಸ್ಟ್ರಟ್, ಬುಷ್ ನೋಡಿಸಿ. ಆಮೇಲೆ ಹೊಸ ಟಯರು.