ಹಳೆಯ ರೀಲುಗಳಿಗೆ ಇನ್ನೂ ಕೆಲಸ ಇದೆ

ನನ್ನ ಹತ್ತಿರ ಇರುವ ಹಳೆಯ ಗಾಳದ ರೀಲುಗಳೆಲ್ಲ ಕೆಲಸ ಮಾಡುತ್ತವೆ. ಸರದಿ ಬಂದಾಗ ಒಂದೊಂದೂ ನೀರಿನ ಹತ್ತಿರ ಹೋಗಿ ಬರುತ್ತದೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿದ ರೀಲುಗಳನ್ನು ನೋಡಿದರೆ ನನಗೂ ಖುಷಿಯಾಗುತ್ತದೆ. ಆದರೆ ಸ್ವಲ್ಪ ಹೊತ್ತಿಗೇ ಒಂದನ್ನು ಕೈಗೆತ್ತಿಕೊಂಡು ಹಿಡಿ ತಿರುಗಿಸಬೇಕು ಅನ್ನಿಸುತ್ತದೆ. ಅದು ಇರುವುದೇ ತಿರುಗೋದಕ್ಕೆ ಅಲ್ವಾ? ವರ್ಷಗಟ್ಟಲೆ ತಿರುಗದೆ ಕೂತರೆ ಒಳಗಿನ ಗ್ರೀಸು ಮೇಣದ ಹಾಗೆ ಗಟ್ಟಿಯಾಗುತ್ತದೆ. ಮೀನು ಎಳೆದಾಗ ದಾರವನ್ನು ಬಿಗಿಹಿಡಿದು ಬಿಟ್ಟುಕೊಡುವ ಡ್ರ್ಯಾಗಿನ ವಾಷರ್‌ಗಳು ಒಣಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಪಾಟಿನಲ್ಲಿಟ್ಟ ಮಾತ್ರಕ್ಕೆ ರೀಲು ಕ್ಷೇಮವಾಗಿದೆ ಅಂದುಕೊಳ್ಳುವಂತಿಲ್ಲ.

ಇವುಗಳ ಹಿಂದಿನ ಕಥೆ ಹುಡುಕಿಕೊಂಡು ಹೋದರೆ ಗಡಿಯಾರದವರು ಮತ್ತೆ ಮತ್ತೆ ಎದುರಾಗುತ್ತಾರೆ. 19ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕೆಂಟಕಿಯಲ್ಲಿ, ಹಿಡಿ ಒಂದು ಸುತ್ತು ತಿರುಗಿದರೆ ದಾರ ಸುತ್ತಿಕೊಳ್ಳುವ ಸ್ಪೂಲು ಹಲವು ಸುತ್ತು ತಿರುಗುವ ರೀಲು ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರ ಮಾಡುವವರು. ಮಿಚೆಲ್ ರೀಲುಗಳನ್ನು ಮಾಡಿದ ಕಾರ್ಪಾನೊ ಎ ಪಾನ್ಸ್ ಕಂಪನಿ ಇದ್ದದ್ದು ಫ್ರಾನ್ಸಿನ ಕ್ಲೂಸ್‌ನಲ್ಲಿ. ಆ ಊರಿನ ಕಸುಬೇ ಗಡಿಯಾರದ ಬಿಡಿಭಾಗ ಮಾಡುವುದು. ಸ್ವೀಡನ್ನಿನ ಸ್ವಾಂಗ್‌ಸ್ಟಾದಲ್ಲಿ 1921ರಲ್ಲಿ ಶುರುವಾದ ಆಬು ಕೂಡ ಗಡಿಯಾರದ ಕಾರ್ಖಾನೆಯೇ. ಟ್ಯಾಕ್ಸಿ ಮೀಟರ್ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಮೀಟರ್ ಕೊಳ್ಳುವವರು ಇಲ್ಲವಾದಾಗ ರೀಲಿನ ಕಡೆ ತಿರುಗಿದರು. ಬೇರೆ ಕಸುಬಿನವರೂ ಇದ್ದಾರೆ. ಇಂಗ್ಲೆಂಡಿನ ಆನಿಕ್‌ನಲ್ಲಿ 1872ರಲ್ಲಿ ಅಂಗಡಿ ತೆರೆದ ಹಾರ್ಡಿ ಮನೆತನದವರು ಮೊದಲು ಬಂದೂಕಿನ ಕೆಲಸ ಮಾಡುತ್ತಿದ್ದವರು. 1905ರಲ್ಲಿ ಸ್ಪೂಲು ಸುತ್ತದೆ ದಾರ ಮಾತ್ರ ಜಾರಿಹೋಗುವ ರೀಲಿಗೆ ಪೇಟೆಂಟ್ ಪಡೆದ ಇಲಿಂಗ್‌ವರ್ತ್ ಬಟ್ಟೆ ಗಿರಣಿಯವರು. ಗಿರಣಿಯಲ್ಲಿ ನೂಲಿನ ಉಂಡೆಯ ತುದಿಯಿಂದ ನೂಲು ಬಿಚ್ಚಿಕೊಳ್ಳುವುದನ್ನು ದಿನಾ ನೋಡುತ್ತಿದ್ದವರಿಗೆ ಆ ಯೋಚನೆ ಬಂದದ್ದು ಸಹಜ.

ಇದನ್ನೆಲ್ಲ ಹೇಳಲು ಕಾರಣ ಇದೆ. ಗಡಿಯಾರದವರು ಮಾಡಿದ ವಸ್ತುವನ್ನು ಬಿಚ್ಚಬಹುದು, ತೊಳೆಯಬಹುದು, ಮತ್ತೆ ಜೋಡಿಸಬಹುದು. ಬಿಚ್ಚಿ ಸರಿಮಾಡುವ ಮನುಷ್ಯ ಒಬ್ಬ ಇರುತ್ತಾನೆ ಅಂತ ಅಂದುಕೊಂಡೇ ಅವರು ಮಾಡಿದ್ದು. ಹಳೆಯ ರೀಲಿನ ಮೇಲೆ ನನಗೆ ಇಷ್ಟು ಪ್ರೀತಿ ಅದಕ್ಕೇ.

ಮಿಚೆಲ್ 300 ನನ್ನ ಕೈಗೆ ಹೆಚ್ಚು ಒಗ್ಗಿದ ರೀಲು. ಕಪ್ಪು ಬಣ್ಣ, ಒಂದು ಕಡೆ ಉಬ್ಬಿದ ಮೊಟ್ಟೆಯಾಕಾರದ ಮೈ. ಯುದ್ಧಕ್ಕೆ ಸ್ವಲ್ಪ ಮೊದಲು ಇದರ ವಿನ್ಯಾಸ ಹುಟ್ಟಿತು, ಯುದ್ಧ ಮುಗಿದ ಮೇಲೆ ಲೋಕವೆಲ್ಲ ಹರಡಿತು. ಮೊದಲ ಮಾದರಿಗಳಲ್ಲಿ ದಾರ ಹಿಡಿಯುವ ಬೇಲ್ ತಂತಿ ಅರ್ಧ ಮಾತ್ರ ಇತ್ತು, ಪೂರ್ತಿ ಬಳೆ ಆಮೇಲೆ ಬಂತು. 300ರ ಹಿಡಿ ಎಡಗೈಗೆ. ಬಲಗೈಯಲ್ಲಿ ಸುತ್ತುವವರಿಗೆ 301 ಇದೆ. ಕೊಳ್ಳುವಾಗ ಇದನ್ನು ಮೊದಲು ನೋಡಿಕೊಳ್ಳಿ.

ಪಕ್ಕದ ಮುಚ್ಚಳ ತೆಗೆದರೆ ಕಾಣುವ ಗೇರುಗಳನ್ನು ನಾನು ಎಷ್ಟು ಸಲ ನೋಡಿದರೂ ಬೇಸರವಾಗುವುದಿಲ್ಲ. ಸ್ಪೂಲು ಮೇಲೆ ಕೆಳಗೆ ಹೋಗಿಬರಬೇಕು, ಆಗ ತಾನೇ ದಾರ ಸಮವಾಗಿ ಸುತ್ತಿಕೊಳ್ಳುವುದು. ಎಷ್ಟೋ ರೀಲುಗಳಲ್ಲಿ ಈ ಹೋಗಿಬರುವಿಕೆ ಪ್ರತಿ ಸಲವೂ ಒಂದೇ ಥರ. ಮಿಚೆಲ್‌ನಲ್ಲಿ ಇದಕ್ಕೆಂದೇ ಪ್ಲಾನಮ್ಯಾಟಿಕ್ ಅನ್ನುವ ವ್ಯವಸ್ಥೆ ತಂದರು. ಒಂದು ಸಣ್ಣ ಗೇರು ತಾನೂ ಸುತ್ತುತ್ತಾ, ಇನ್ನೊಂದರ ಜೊತೆಗೂ ಸುತ್ತುತ್ತಾ ಸ್ಪೂಲನ್ನು ಎಳೆದು ತಳ್ಳುತ್ತದೆ. ಹಾಗಾಗಿ ಸ್ಪೂಲಿನ ಓಟ ಪ್ರತಿ ಸಲ ಒಂದಿಷ್ಟು ಬದಲಾಗುತ್ತದೆ. ದಾರದ ಸುತ್ತುಗಳು ಒಂದರ ಮೇಲೊಂದು ಅಡ್ಡಡ್ಡ ಕೂರುತ್ತವೆ, ಕೆಳಗಿನ ಸುತ್ತಿನೊಳಗೆ ಹೂತುಹೋಗುವುದು ಕಡಿಮೆ. ಎಸೆದಾಗ ದಾರ ತಡೆಯಿಲ್ಲದೆ ಬಿಚ್ಚಿಕೊಳ್ಳುತ್ತದೆ. ಮುಚ್ಚಳ ತೆಗೆದಿಟ್ಟು ನಿಧಾನಕ್ಕೆ ಹಿಡಿ ತಿರುಗಿಸಿ, ಎಲ್ಲ ಕಣ್ಣೆದುರೇ ನಡೆಯುತ್ತದೆ.

ತೊಳೆಯುವ ಕೆಲಸಕ್ಕೆ ನಾನು ಅರ್ಧ ದಿನ ಎತ್ತಿಡುತ್ತೇನೆ. ಅವಸರ ಮಾಡಲ್ಲ. ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತಾ ಹೋಗುವುದು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು, ಯಾಕಂದ್ರೆ ಗೇರಿನ ಅಡಿಯಲ್ಲಿ ಕಾಗದದಷ್ಟು ತೆಳ್ಳಗಿನ ವಾಷರ್ ಇರುತ್ತದೆ. ಅದು ಗ್ರೀಸಿಗೆ ಅಂಟಿಕೊಂಡು ಎದ್ದುಬಂದರೆ ಎಲ್ಲಿಯದು ಅಂತ ಗೊತ್ತಾಗುವುದೇ ಇಲ್ಲ. ಲೋಹದ ಭಾಗಗಳು ಸೀಮೆಎಣ್ಣೆಯಲ್ಲಿ ನೆನೆಯಲಿ. ಹಳೆಯ ಟೂತ್‌ಬ್ರಷ್‌ನಿಂದ ಹಲ್ಲು ಹಲ್ಲಿನ ನಡುವೆ ಉಜ್ಜಿದರೆ ಕಂದು ಬಣ್ಣದ ಗಟ್ಟಿ ಗ್ರೀಸು ಪದರ ಪದರವಾಗಿ ಏಳುತ್ತದೆ, ಅಡಿಯಿಂದ ಹಿತ್ತಾಳೆ ಹೊರಬರುತ್ತದೆ. ಬೇಕಲೈಟ್, ಪ್ಲಾಸ್ಟಿಕ್, ಬಣ್ಣ ಬಳಿದ ಭಾಗಗಳಿಗೆ ಬೆಚ್ಚಗಿನ ಸೋಪು ನೀರು ಸಾಕು. ಥಿನ್ನರ್, ಅಸಿಟೋನ್ ಹತ್ತಿರಕ್ಕೂ ತರಬೇಡಿ.

ಮಿಚೆಲ್‌ನ ಬೇಲ್ ಸ್ಪ್ರಿಂಗ್ ಬಗ್ಗೆ ಮಾತ್ರ ಎಚ್ಚರ. ಮುಚ್ಚಳದ ಸ್ಕ್ರೂ ಸಡಿಲವಾದ ಕ್ಷಣಕ್ಕೆ ಹಾರಿಹೋಗುವ ಸ್ವಭಾವ ಅದಕ್ಕೆ. ರೀಲನ್ನೂ ಎರಡೂ ಕೈಗಳನ್ನೂ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಬಿಚ್ಚಿದರೆ ಹಾರಿದರೂ ಚೀಲದಲ್ಲೇ ಸಿಗುತ್ತದೆ. ಈ ಸ್ಪ್ರಿಂಗು ಬೇಗ ಸೋಲುವ ಭಾಗ, ಮುರಿದರೆ ಬೇಲ್ ಮುಚ್ಚುವುದಿಲ್ಲ. ಪುಣ್ಯಕ್ಕೆ 300 ಎಷ್ಟು ತಯಾರಾಗಿದೆಯೆಂದರೆ ಬಿಡಿಭಾಗ ಇವತ್ತಿಗೂ ಹುಡುಕಿದರೆ ಸಿಗುತ್ತದೆ. ರೀಲು ಆರಿಸುವಾಗ ಇದೂ ಒಂದು ಲೆಕ್ಕ. ಅಪರೂಪದ ರೀಲು ಕೊಂಡರೆ ಅದರ ಸ್ಕ್ರೂ ಕೂಡ ಅಪರೂಪವೇ ಆಗಿರುತ್ತದೆ.

ಮತ್ತೆ ಜೋಡಿಸುವಾಗ ಗೇರಿಗೆ ಗ್ರೀಸು, ಬೇರಿಂಗಿಗೆ ಎಣ್ಣೆ. ಎರಡೂ ಕಡಿಮೆ. ಜಾಸ್ತಿ ಗ್ರೀಸು ತುಂಬಿದರೆ ಹಿಡಿ ಭಾರವಾಗುತ್ತದೆ ಅಷ್ಟೇ, ಬೇರೆ ಲಾಭ ಇಲ್ಲ. ಡ್ರ್ಯಾಗಿಗೆ ಮಾತ್ರ ಸಮಯ ಕೊಡಿ. ಹಳೆಯ ರೀಲುಗಳಲ್ಲಿ ಲೋಹದ ವಾಷರ್ ಒಂದು, ಚರ್ಮದ್ದೋ ಫೆಲ್ಟಿನದ್ದೋ ಒಂದು, ಹೀಗೆ ಒಂದರ ಮೇಲೊಂದು ಕೂತಿರುತ್ತವೆ. ಒಣಗಿದ್ದರೆ ಮೀನು ಎಳೆದಾಗ ಮೊದಲು ಬಿಗಿಹಿಡಿದು, ಆಮೇಲೆ ಒಮ್ಮೆಲೇ ಬಿಟ್ಟುಕೊಡುತ್ತದೆ. ದಾರ ತುಂಡಾಗುವುದು ಆ ಮೊದಲ ಜಗ್ಗಿಗೇ. ಫೆಲ್ಟನ್ನು ತೆಳ್ಳಗಿನ ಎಣ್ಣೆಯಲ್ಲಿ ನೆನೆಸಿ, ಹಿಂಡಿ ಕೂರಿಸಿದರೆ ಎಳೆತ ಮೆತ್ತಗಾಗುತ್ತದೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ಸಡಿಲ ಮಾಡಿಡಿ. ಬಿಗಿಯಾಗಿಯೇ ಬಿಟ್ಟರೆ ವಾಷರ್ ಚಪ್ಪಟೆಯಾಗಿ ಕೆಲಸಕ್ಕೆ ಬಾರದು.

ಇನ್ನು ಆಬು ಅಂಬಾಸಡರ್ 5000. 1950ರ ದಶಕದ ಆರಂಭದಲ್ಲಿ ಬಂದ ಕೆಂಪು ರೀಲು. ಇದರ ಸ್ಪೂಲು ಎಸೆಯುವಾಗ ತಾನೇ ಸುತ್ತುತ್ತದೆ. ಹೆಬ್ಬೆರಳು ಎಚ್ಚರವಾಗಿರದಿದ್ದರೆ ಸ್ಪೂಲು ದಾರಕ್ಕಿಂತ ಮುಂದೆ ಓಡಿ ಸಿಕ್ಕು ಬೀಳುತ್ತದೆ. ಅದನ್ನು ತಡೆಯಲು ಒಳಗೆ ಎರಡು ಪುಟ್ಟ ತುಂಡುಗಳಿವೆ, ಸಣ್ಣ ಕಡ್ಡಿಗಳ ಮೇಲೆ ಸಡಿಲವಾಗಿ ಕೂತಿರುತ್ತವೆ. ಸ್ಪೂಲು ಜೋರಾಗಿ ಸುತ್ತಿದಾಗ ಹೊರಕ್ಕೆ ಜಾರಿ ಸುತ್ತಲಿನ ಉಂಗುರಕ್ಕೆ ಉಜ್ಜುತ್ತವೆ, ವೇಗ ಇಳಿದಂತೆ ಉಜ್ಜುವುದೂ ಕಮ್ಮಿಯಾಗುತ್ತದೆ. ಅಷ್ಟೇ ಬ್ರೇಕು. ಎಷ್ಟು ಸರಳ! ಕೊಂಡ ರೀಲಿನಲ್ಲಿ ಈ ತುಂಡುಗಳು ಇವೆಯಾ ಅಂತ ಬಿಚ್ಚಿ ನೋಡಿ. ಎಷ್ಟೋ ರೀಲುಗಳಲ್ಲಿ ಉದುರಿಹೋಗಿರುತ್ತವೆ, ಯಾರೂ ಗಮನಿಸಿರುವುದಿಲ್ಲ. ಬಿಚ್ಚಲು ಸ್ಕ್ರೂಡ್ರೈವರ್ ಕೂಡ ಬೇಡ, ಬೆರಳಲ್ಲೇ ಸಡಿಲಿಸುವ ಸ್ಕ್ರೂಗಳಿವೆ.

ಇದರಲ್ಲಿ ಮೊದಲು ಸವೆಯುವುದು ದಾರವನ್ನು ಅತ್ತಿಂದಿತ್ತ ಒಯ್ಯುವ ಭಾಗ. ಮುಂದಿರುವ ಉದ್ದನೆಯ ಸರಳಿನ ಮೇಲೆ ಕೊರೆದ ಎರಡು ತೋಡುಗಳು ಒಂದನ್ನೊಂದು ದಾಟಿಕೊಂಡು ಹೋಗುತ್ತವೆ. ಪಾಲ್ ಅನ್ನುವ ಉಗುರಿನಷ್ಟು ಸಣ್ಣ ಲೋಹದ ತುಂಡು ಒಂದು ತೋಡಿನಲ್ಲಿ ಓಡಿ, ತುದಿಗೆ ಬಂದಾಗ ತಿರುಗಿ ಇನ್ನೊಂದು ತೋಡು ಹಿಡಿದು ವಾಪಸ್ ಬರುತ್ತದೆ. ಅಡಿಯ ಮುಚ್ಚಳ ಬಿಚ್ಚಿ ಪಾಲ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಹೊಸದಾದರೆ ತುದಿ ದಪ್ಪಗಿರುತ್ತದೆ, ಸವೆದಿದ್ದರೆ ಚೂಪಾಗಿ ತೆಳ್ಳಗಾಗಿರುತ್ತದೆ. ಚೂಪಾದ ಪಾಲನ್ನು ಹಾಗೇ ಓಡಿಸಿದರೆ ಸರಳನ್ನೂ ಕೆರೆದು ಹಾಳು ಮಾಡುತ್ತದೆ. ಪಾಲ್ ಬದಲಿಸುವುದು ಸುಲಭ, ಸರಳು ಬದಲಿಸುವುದು ಅಲ್ಲ. ಈ ರೀಲಿನ ಜೊತೆ ಒಂದು ಡಬ್ಬಿ, ಅದರಲ್ಲಿ ಎಣ್ಣೆಯ ಕುಪ್ಪಿ, ಸಣ್ಣ ಪಾನಾ, ಒಂದಿಷ್ಟು ಬಿಡಿಭಾಗ ಕೊಡುತ್ತಿದ್ದರು. ಕೊಂಡವನೇ ನೋಡಿಕೊಳ್ಳಲಿ ಅಂತ. ಈಗಿನ ಎಷ್ಟು ರೀಲುಗಳ ಜೊತೆ ಇದೆಲ್ಲ ಬರುತ್ತದೆ?

ಎಸೆಯುವ ಮೊದಲು ಎರೆ ಕಟ್ಟಿ, ಗಾಳದ ಕೋಲನ್ನು ಎತ್ತಿ ಹಿಡಿದು ಸ್ಪೂಲು ಬಿಟ್ಟುಬಿಡಿ. ಎರೆ ನಿಧಾನಕ್ಕೆ ಇಳಿಯಬೇಕು, ಅದು ನೆಲ ಮುಟ್ಟಿದಾಗ ಸ್ಪೂಲೂ ನಿಲ್ಲಬೇಕು. ಹಾಗೆ ಆಗುವವರೆಗೆ ಪಕ್ಕದ ಗುಬಟು ತಿರುಗಿಸಿ. ಎರೆಯ ತೂಕ ಬದಲಾದರೆ ಇದನ್ನೂ ಮತ್ತೆ ಹೊಂದಿಸಬೇಕು.

ಹಳೆಯ ರೀಲಿನಲ್ಲಿ ಮೀನು ಹಿಡಿಯುವುದು ಬೇರೆಯೇ ಅನುಭವ. ಹಿಡಿಯ ಒಂದು ಸುತ್ತಿಗೆ ದಾರ ಮೂರೂವರೆ ಸುತ್ತಿನ ಆಸುಪಾಸು ಸುತ್ತಿಕೊಳ್ಳುತ್ತದೆ. ಇವತ್ತಿನವು ಐದು, ಆರು, ಅದಕ್ಕಿಂತ ಜಾಸ್ತಿ. ಹಾಗಾಗಿ ಕೈ ತಾನಾಗಿಯೇ ನಿಧಾನವಾಗುತ್ತದೆ. ದೊಡ್ಡ ಗೆಂಡೆ ಮೀನು ತಗುಲಿಕೊಂಡಾಗ ರೀಲಿನಿಂದ ಎಳೆದು ತರೋಣ ಅಂದುಕೊಂಡರೆ ಆಗದು. ಕೋಲು ಬಾಗಿಸಿ ಮೀನನ್ನು ಎತ್ತಿ, ಕೋಲು ಇಳಿಸುವಾಗ ದಾರ ಸುತ್ತಿಕೊಳ್ಳಬೇಕು. ಗೇರೇ ಇಲ್ಲದ ರೀಲುಗಳಲ್ಲಿ ಇದು ಇನ್ನೂ ನೇರ. ಹಾರ್ಡಿ ಪರ್ಫೆಕ್ಟ್ 1890ರ ದಶಕದ ಆರಂಭದಿಂದ ಮಾರಾಟಕ್ಕೆ ಬಂದದ್ದು, ಒಳಗೆ ಬಾಲ್ ಬೇರಿಂಗ್ ಇಟ್ಟು ಮಾಡಿದ ರೀಲು. ಮೀನು ಓಡಿದರೆ ಹಿಡಿಯೂ ಹಿಂದಕ್ಕೆ ತಿರುಗುತ್ತದೆ. ಬೆರಳು ಅಡ್ಡ ಇಟ್ಟರೆ ಗಿಣ್ಣಿಗೆ ಪೆಟ್ಟು ಗ್ಯಾರಂಟಿ. ಆದರೆ ಮೀನು ದಾರ ಎಳೆದುಕೊಂಡು ಹೋಗುವಾಗ ಒಳಗಿನ ಹಲ್ಲಿನ ಚಕ್ರ ಮಾಡುವ ಸದ್ದು ಇದೆಯಲ್ಲ, ಅದರಲ್ಲೇ ಮೀನಿನ ವೇಗ ತಿಳಿಯುತ್ತದೆ. ಸದ್ದು ತೆಳುವಾದಾಗ ಮೀನು ತಿರುಗಿದೆ ಅಂತ ಅರ್ಥ. ನಾನು ಆಗ ನೀರು ನೋಡುವುದನ್ನೂ ಬಿಟ್ಟು ಕೇಳುತ್ತಲೇ ಇರುತ್ತೇನೆ.

ದಾರದ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೆಯ ರೀಲಿಗೆ ನೈಲಾನ್ ಮೊನೊ, ಅಂದರೆ ಒಂದೇ ಎಳೆಯ ದಾರ, ಸಾಕು. ಹೆಣೆದ ದಾರ ತೆಳ್ಳಗೆ, ಗಟ್ಟಿ, ಆದರೆ ಅದು ಮೆತ್ತಗಿನ ಲೋಹವನ್ನು ಕೊರೆಯುತ್ತದೆ. ಆಗಿನ ಎಷ್ಟೋ ರೀಲುಗಳಲ್ಲಿ ದಾರ ಹಾಯುವ ಜಾಗದಲ್ಲಿ ಸುತ್ತುವ ರೋಲರ್ ಇರಲಿಲ್ಲ. ಆ ಜಾಗದ ಮೇಲೆ ಹತ್ತಿಯ ಚೂರು ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರು ಇದೆ, ದಾರ ಹರಿಯುವುದು ಅಲ್ಲೇ.

ಉಜ್ಜಿ ಹೊಳಪು ಬರಿಸುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಮಾಡಬೇಡಿ. ಹಳೆಯ ಹಾರ್ಡಿ ರೀಲುಗಳ ಮೇಲೆ ಸೀಸದ ಬಣ್ಣದ ಮಂಕು ಲೇಪ ಇರುತ್ತದೆ. ಕೈ ತಾಗಿ ತಾಗಿ ಅಂಚಿನಲ್ಲಿ ಸವೆದು ಒಳಗಿನ ಲೋಹ ಇಣುಕುತ್ತಿರುತ್ತದೆ. ಒಂದು ಮಧ್ಯಾಹ್ನ ಪಾಲಿಶ್ ಹಾಕಿ ಉಜ್ಜಿದರೆ ಅದೆಲ್ಲ ಹೋಯಿತು, ಮತ್ತೆ ಬರಿಸಲು ಆಗುವುದಿಲ್ಲ. ಸಂಗ್ರಹ ಮಾಡುವವರೂ ಅಂಥ ರೀಲನ್ನು ಕೆಳಗಿಡುತ್ತಾರೆ. ತುಕ್ಕು ಮಾತ್ರ ತೆಗೆಯಿರಿ, ಕಲೆ ಇರಲಿ.

ಕೊಳ್ಳುವಾಗ ನಾನು ಮೊದಲು ಸ್ಕ್ರೂಗಳ ತಲೆ ನೋಡುತ್ತೇನೆ. ಅಲ್ಲಿನ ತೋಡು ಕಿತ್ತುಹೋಗಿದ್ದರೆ ಯಾರೋ ಸರಿಹೊಂದದ ಸ್ಕ್ರೂಡ್ರೈವರ್ ಹಾಕಿ ತಿರುವಿದ್ದಾರೆ ಅಂತ ಗೊತ್ತಾಗುತ್ತದೆ, ಒಳಗೂ ಅದೇ ಗತಿ ಇರಬಹುದು. ಆಮೇಲೆ ಪಾದ, ಅಂದರೆ ಕೋಲಿಗೆ ಕೂರುವ ಭಾಗ. ಹಿಂದಿನವರು ತಮ್ಮ ಕೋಲಿಗೆ ಹೊಂದಿಸಲು ಅದನ್ನು ಅರದಿಂದ ಉಜ್ಜಿರುತ್ತಾರೆ. ಬಳಸುವವರಿಗೆ ಅಡ್ಡಿಯಿಲ್ಲ, ಸಂಗ್ರಹಕ್ಕೆ ಬೆಲೆ ಇಳಿಯುತ್ತದೆ. ಬಣ್ಣದಡಿ ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ ಒಳಗಿಂದ ತಿನ್ನಿಸಿಕೊಂಡಿದೆ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಕೊನೆಗೆ ಹಿಡಿಯನ್ನು ಬಹಳ ನಿಧಾನವಾಗಿ ತಿರುಗಿಸಿ. ಭಾರವಾಗಿ ತಿರುಗಿದರೆ ಹಳೆಯ ಗ್ರೀಸು, ಚಿಂತೆಯಿಲ್ಲ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಡೆದರೆ ಗೇರಿನ ಹಲ್ಲು ಹೋಗಿದೆ.

ಸಮುದ್ರಕ್ಕೆ ಒಯ್ಯುವವರು ಪೆನ್ ರೀಲುಗಳನ್ನು ನೋಡಬಹುದು. ಆಟೊ ಹೆನ್ಜೆ 1932ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರು ಮಾಡಿದ ಕಂಪನಿ ಅದು, ಸೆನೇಟರ್ ಮಾದರಿ 1936ರದ್ದು. ದಶಕಗಟ್ಟಲೆ ವಿನ್ಯಾಸ ಹೆಚ್ಚು ಬದಲಿಸಲಿಲ್ಲ, ಹಾಗಾಗಿ ಬಿಡಿಭಾಗದ ಚಿಂತೆ ಕಡಿಮೆ. ಉಪ್ಪು ನೀರಿನಿಂದ ಬಂದ ತಕ್ಷಣ ಸಿಹಿನೀರಲ್ಲಿ ಮೆಲ್ಲಗೆ ತೊಳೆಯಿರಿ. ಜೋರಾಗಿ ನೀರು ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ.

ಸದ್ಯ ಮೇಜಿನ ಮೇಲೆ ಒಂದು ಜರ್ಮನ್ ಡಾಮ್ ಕ್ವಿಕ್ ಇದೆ. ಇದರ ಒಳಗೆ ಮಾಮೂಲಿ ಗೇರಿನ ಬದಲು ಸುರುಳಿ ಹಲ್ಲಿನ ವರ್ಮ್ ಗೇರು. ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುವುದರಿಂದ ಓಟ ತುಂಬಾ ನುಣುಪು, ಆದರೆ ಗ್ರೀಸು ಇಲ್ಲದಿದ್ದರೆ ಬೇಗ ಸವೆಯುತ್ತವೆ. ಈಗಂತೂ ಹಿಡಿ ಅಲುಗಾಡುತ್ತಿಲ್ಲ. ಗ್ರೀಸೇ ಗಟ್ಟಿಯಾಗಿದೆ ಅಂತ ನನ್ನ ಅಂದಾಜು. ನಾಳೆ ಬೆಳಿಗ್ಗೆ ಸೀಮೆಎಣ್ಣೆ ಬಿಟ್ಟು ನೋಡುತ್ತೇನೆ. ಹಲ್ಲುಗಳು ಚೆನ್ನಾಗಿದ್ದರೆ ಮುಂದಿನ ಸಲ ಇದರದ್ದೇ ಸರದಿ.