ಎರಡು ಲೋಟ ಮದ್ದುಸೊಪ್ಪಿನ ನೀರು

ಆಟಿ ತಿಂಗಳ ಹದಿನೆಂಟು ಅಂದರೆ ನಮ್ಮ ಕೊಡಗಿನ ಕಡೆ ಮದ್ದುಸೊಪ್ಪಿನ ದಿನ. ಕೊಡವರಿಗೆ ಅದು ಕಕ್ಕಡ ಪದಿನೆಟ್ಟ್, ಕ್ಯಾಲೆಂಡರಿನಲ್ಲಿ ಆಗಸ್ಟ್ 3ರ ಆಸುಪಾಸು. ಅಷ್ಟು ಹೊತ್ತಿಗೆ ಆ ಗಿಡದಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ. ಅದಕ್ಕೆ ಅಕ್ಕಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡುತ್ತೇವೆ. ಉಂಡ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಬೆಂಗಳೂರಿನ ನೆಂಟರಿದ್ದರೆ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಬೆಳಿಗ್ಗೆ ಗಾಬರಿ.

ಆ ಸೊಪ್ಪಿಗೆ ಒಂದು ಪರಿಮಳ ಇದೆ. ಬೇರೆ ದಿನ ಕಿತ್ತರೆ ಅದು ಬರುವುದಿಲ್ಲ ಎಂದು ದೊಡ್ಡಮ್ಮ ಆಣೆ ಇಟ್ಟು ಹೇಳುತ್ತಾರೆ.

ಈ ಸಲ ಆ ದಿನಕ್ಕೆ ಸರಿಯಾಗಿ ಅಕ್ಕನ ಮಗಳು ಚಿನ್ನಿ ಸುಂಟಿಕೊಪ್ಪದ ಮನೆಗೆ ಬಂದಿದ್ದಳು. ಹೊರದೇಶದ ಒಂದು ಪ್ರಯೋಗಾಲಯದಲ್ಲಿ ಅವಳ ಕೆಲಸ. ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಮೂಗಿಗೆ ವಾಸನೆ ಬಿಡುವುದು, ಆಗ ಮಿದುಳಿನಲ್ಲಿ ಏನಾಗುತ್ತದೆ ಎಂದು ನೋಡುವುದು. "ಇದಕ್ಕೂ ಸಂಬಳ ಕೊಡ್ತಾರಾ?" ಅಂತ ದೊಡ್ಡಮ್ಮ ಕೇಳಿದ್ದರು. ಕೊಡುತ್ತಾರೆ, ಜಾಸ್ತಿ ಏನಲ್ಲ ಅಂದಳು.

ಆದರೆ ಅವಳ ಕೆಲಸದ ಬಗ್ಗೆ ಎಲ್ಲರಿಗಿಂತ ಹೆಚ್ಚು ಕಿವಿಗೊಟ್ಟು ಕೇಳಿದ್ದು ದೊಡ್ಡಪ್ಪ. ಅವರಿಗೆ ವಾಸನೆಯೇ ಗೊತ್ತಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಕರಿಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಇಟ್ಟಿದ್ದ ಬಿದಿರಿನ ಏಣಿ ಜಾರಿ ಬಿದ್ದರು. ತಲೆಯ ಹಿಂಭಾಗಕ್ಕೆ ಪೆಟ್ಟು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮೂಳೆ ಮುರಿದಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ ಅಂತ ಮನೆಗೆ ಕಳಿಸಿದರು. ಕೈಕಾಲು ಆಡಿಸಿ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು. ಮೂಗಿನ ಬಗ್ಗೆ ಯಾರೂ ಕೇಳಲಿಲ್ಲ. ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಅಡುಗೆಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದರು, ಪಕ್ಕದಲ್ಲೇ ಗ್ಯಾಸ್ ಸೋರುತ್ತಿತ್ತು. ಅಂಗಳಕ್ಕೆ ಬಂದ ಕೆಲಸದಾಕೆಗೆ ಅಷ್ಟು ದೂರದಿಂದಲೇ ಗೊತ್ತಾಗಿ ಬೊಬ್ಬೆ ಹೊಡೆದಳು. ಇವರು ಪುಟ ತಿರುಗಿಸುತ್ತಾ "ಏನಂತೆ ಅವಳದ್ದು?" ಅಂದರಂತೆ.

ಚಿನ್ನಿ ಕಾರಣ ವಿವರಿಸಿದಳು. ಮೂಗಿನ ಮೇಲುಗಡೆ, ಮಿದುಳಿನ ಕೆಳಗೆ, ಜರಡಿಯ ಹಾಗೆ ತೂತುತೂತಾದ ತೆಳು ಮೂಳೆಯೊಂದಿದೆ. ವಾಸನೆಯ ನರದ ಎಳೆಗಳು ಆ ತೂತುಗಳ ಮೂಲಕ ಹಾದು ಮಿದುಳಿನ ತಳದಲ್ಲಿರುವ ಆಲ್‌ಫ್ಯಾಕ್ಟರಿ ಬಲ್ಬ್ ಎಂಬ ಸಣ್ಣ ಭಾಗಕ್ಕೆ ಸೇರುತ್ತವೆ. ತಲೆಗೆ ಜೋರಾಗಿ ಪೆಟ್ಟು ಬಿದ್ದಾಗ ಮಿದುಳು ಒಳಗೇ ಜರಗುತ್ತದೆ. ಎಳೆಗಳು ಹರಿದುಹೋಗುತ್ತವೆ. ಮೂಳೆ ಮುರಿಯಲೇಬೇಕೆಂದಿಲ್ಲ.

"ಕಾಚಂಪುಳಿಯ ಹುಳಿ ಗೊತ್ತಾಗುತ್ತೆ, ಮೆಣಸಿನ ಖಾರ ಗೊತ್ತಾಗುತ್ತೆ. ಪಂದಿ ಮಾತ್ರ ಎಲ್ಲಿ ಹೋಯ್ತೋ ಗೊತ್ತಿಲ್ಲ," ಅಂದರು ದೊಡ್ಡಪ್ಪ.

ಹಂದಿ ಮಾಂಸದ ಸಾರಿನ ಮಾತು ಅದು, ಕಾಚಂಪುಳಿ ಅಂದರೆ ಅದಕ್ಕೆ ಹಾಕುವ ಹುಳಿರಸ. ಅವರು ಹೇಳಿದ್ದೂ ಸರಿಯೇ. ಹುಳಿ, ಉಪ್ಪು, ಸಿಹಿ, ಕಹಿ ನಾಲಿಗೆಯ ಪಾಲು. ಮೆಣಸಿನ ಉರಿ, ಕರ್ಪೂರದ ತಂಪು ಮುಖದ ಇನ್ನೊಂದು ನರದ ಪಾಲು, ಅದರ ಹೆಸರು ಟ್ರೈಜೆಮಿನಲ್. ಮಿಕ್ಕಿದ್ದೆಲ್ಲಾ, ಅಂದರೆ ನಾವು ರುಚಿ ಅನ್ನುವುದರ ದೊಡ್ಡ ಪಾಲು, ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ.

ಹಾಗಿದ್ದರೂ ದೊಡ್ಡಪ್ಪ ಮೂಸುವುದನ್ನು ಬಿಟ್ಟಿಲ್ಲ. ಕಾಫಿ ಲೋಟ ಕೈಗೆ ಬಂದ ಕೂಡಲೇ ಮೂಗಿನ ಹತ್ತಿರ ಹಿಡಿದು ಒಂದು ಸಲ ಉಸಿರೆಳೆಯುತ್ತಾರೆ. ಆಮೇಲೇ ಗುಟುಕು. ನಾವು ಅಭ್ಯಾಸಬಲ ಅಂದುಕೊಂಡಿದ್ದೆವು. ಚಿನ್ನಿ ಇದನ್ನು ಬೆಳಿಗ್ಗೆಯೇ ಗಮನಿಸಿದ್ದಳು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೋಮ್ ಸೊಬೆಲ್ ಮತ್ತು ಜೊತೆಯವರು ವಾಸನೆಯಿಲ್ಲದ ಬರೀ ಗಾಳಿಯನ್ನು ಮೂಸಲು ಜನರಿಗೆ ಹೇಳಿದ್ದರಂತೆ. ಅಷ್ಟಕ್ಕೇ ಮಿದುಳಿನ ಪಿರಿಫಾರ್ಮ್ ಕಾರ್ಟೆಕ್ಸ್ ಎಚ್ಚೆತ್ತಿತು. ವಾಸನೆ ಮೊದಲು ತಲುಪುವ ಮುಖ್ಯ ಜಾಗಗಳಲ್ಲಿ ಅದೂ ಒಂದು. ಅಂದರೆ ವಾಸನೆ ಬಂದು ಬಾಗಿಲು ತಟ್ಟಲಿ ಎಂದು ಮಿದುಳು ಕಾಯುವುದಿಲ್ಲ. ಉಸಿರೆಳೆದ ತಕ್ಷಣ ಬಾಗಿಲು ತೆರೆದು ನಿಂತಿರುತ್ತದೆ. ನನಗೆ ಇಡೀ ದಿನದಲ್ಲಿ ಬಹಳ ಹಿಡಿಸಿದ ಸಂಗತಿ ಇದೇ. ಮೂಸುವುದೂ ನೋಡುವ ಹಾಗೆ, ನಾವು ಮಾಡುವ ಕೆಲಸ. ನಮಗೆ ಸುಮ್ನೆ ಆಗುವಂಥದ್ದಲ್ಲ.

ಯಂತ್ರದ ಕಥೆ ಕೇಳಿದರೆ ಅವಳ ಪಾಡು ಯಾರಿಗೂ ಬೇಡ. ಯಂತ್ರ ಅಂದರೆ ದೊಡ್ಡ ಅಯಸ್ಕಾಂತ, ಹತ್ತಿರ ಕಬ್ಬಿಣ ತರುವ ಹಾಗಿಲ್ಲ. ಹಾಗಾಗಿ ವಾಸನೆಯ ಬಾಟಲಿ, ಕವಾಟ ಎಲ್ಲಾ ಪಕ್ಕದ ಕೋಣೆಯಲ್ಲಿ. ಅಲ್ಲಿಂದ ಉದ್ದದ ಟೆಫ್ಲಾನ್ ಕೊಳವೆಗಳು ಮಲಗಿದವರ ಮೂಗಿನವರೆಗೆ. ಗಾಳಿ ಒಂದೇ ಸಮ ಬರುತ್ತಲೇ ಇರಬೇಕು. ವಾಸನೆ ಬಿಟ್ಟಾಗ ಮಾತ್ರ ಗಾಳಿ ಜೋರಾದರೆ, ಮಿದುಳು ಎಚ್ಚೆತ್ತಿದ್ದು ವಾಸನೆಗೋ ತಣ್ಣನೆಯ ಗಾಳಿ ತಾಗಿದ್ದಕ್ಕೋ ಗೊತ್ತಾಗುವುದಿಲ್ಲ. ಯಾವಾಗ ಉಸಿರೆಳೆದರು ಎಂದು ತಿಳಿಯಲು ಹೊಟ್ಟೆಗೆ ಪಟ್ಟಿ. ಬರುವವರು ಸೆಂಟು ಹಾಕಿಕೊಳ್ಳಬಾರದು. ತಲೆ ಒಂದೆರಡು ಮಿಲಿಮೀಟರ್ ಅಲುಗಿದರೂ ಚಿತ್ರ ಕೆಡುತ್ತದೆ, ಆದರೆ ಜೋರಾಗಿ ಮೂಸಿದರೆ ತಲೆ ಅಲುಗುತ್ತದೆ!

ಇಷ್ಟೇ ಆಗಿದ್ದರೆ ಪರವಾಗಿಲ್ಲ. ಒಂದೇ ವಾಸನೆ ಬಿಡುತ್ತಾ ಇದ್ದರೆ ಪಿರಿಫಾರ್ಮ್ ಸ್ವಲ್ಪ ಹೊತ್ತಿನಲ್ಲೇ ಬೇಸತ್ತು ಸುಮ್ಮನಾಗುತ್ತದೆ. ನಾವು ಮನೆಯೊಳಗಿನ ಹೊಗೆ ವಾಸನೆ ಮರೆತುಬಿಡುತ್ತೇವಲ್ಲ, ಹಾಗೆ. ಅದಕ್ಕೇ ಸ್ವಲ್ಪ ಬಿಟ್ಟು, ನಿಲ್ಲಿಸಿ, ಮತ್ತೆ ಬಿಡಬೇಕು. ಇದಕ್ಕಿಂತ ದೊಡ್ಡ ಕಿರಿಕಿರಿ, ವಾಸನೆಯನ್ನು ತೂಗಿ ನೋಡುವ ಭಾಗ ಇರುವುದು ಕಣ್ಣುಗುಳಿಗಳ ಮೇಲೆ. ಅದರ ಕೆಳಗೇ ಗಾಳಿ ತುಂಬಿದ ಸೈನಸ್. ಗಾಳಿ ಮತ್ತು ಮಾಂಸ ಸೇರುವ ಕಡೆ ಅಯಸ್ಕಾಂತದ ಬಲ ಏರುಪೇರಾಗಿ ಚಿತ್ರದಲ್ಲಿ ಆ ಜಾಗವೇ ಕಪ್ಪಾಗಿಬಿಡುತ್ತದೆ. ಬೇಕಾದ ಜಾಗವೇ ಕಾಣುವುದಿಲ್ಲ. ಅದನ್ನು ಸರಿಮಾಡಲು ಬೇರೆ ಬೇರೆ ಉಪಾಯಗಳಿವೆಯಂತೆ. ಅಲ್ಲಿಗೆ ಬಂದಾಗ ಲೆಕ್ಕ ಶುರುವಾಯಿತು, ನಾನು ಒಲೆಗೆ ಸೌದೆ ಹಾಕಲು ಎದ್ದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಪೇಪರಿನಲ್ಲಿ ಬರುವ ಚಿತ್ರಗಳಲ್ಲಿ ಮಿದುಳಿನ ಮೇಲೆ ಕೆಂಪು, ಹಳದಿ ಬಣ್ಣ ಇರುತ್ತದಲ್ಲ, ಅದು ಅಲ್ಲಿ ಬೆಳಗುವುದಲ್ಲ. ಕೆಲಸ ಮಾಡುವ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ, ರಕ್ತದಲ್ಲಿನ ಆಮ್ಲಜನಕದ ಅಂಶ ಬದಲಾಗುತ್ತದೆ. ಆ ವ್ಯತ್ಯಾಸವನ್ನು ಎಂಆರ್‌ಐ ಹಿಡಿಯಬಹುದು ಎಂದು ಸೇಜಿ ಒಗಾವಾ 1990ರಲ್ಲಿ ತೋರಿಸಿಕೊಟ್ಟರು. ರಕ್ತ ಬರುವುದೇ ಕೆಲವು ಸೆಕೆಂಡು ತಡವಾಗಿ. ವಾಸನೆ ಇದ್ದಾಗ, ಇಲ್ಲದಾಗ ತೆಗೆದ ಅಳತೆಗಳನ್ನು ಹೋಲಿಸಿ ಕಂಪ್ಯೂಟರ್ ಬಣ್ಣ ಬಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ "ಪ್ರೀತಿ ಇರುವ ಜಾಗ ಸಿಕ್ಕಿತು" ಎಂದು ಬಂದರೆ ನಾನಂತೂ ಇನ್ನು ಮುಂದೆ ನಂಬುವುದಿಲ್ಲ.

ಮಧ್ಯಾಹ್ನ ಮಳೆ ಹಿಡಿದುಕೊಂಡಿತು. ಚಿನ್ನಿಗೆ ಒಂದು ಆಟ ಹೊಳೆಯಿತು. ಬೇಯಿಸಿದ ಸೊಪ್ಪಿನ ನೀರನ್ನು ಒಂದೇ ಪಾತ್ರೆಯಿಂದ ಎರಡು ಸ್ಟೀಲ್ ಲೋಟಕ್ಕೆ ಹಾಕಿದಳು. ಗುಟ್ಟು ನನಗೆ ಗೊತ್ತಿತ್ತು, ಲೋಟ ತಂದುಕೊಟ್ಟವನೇ ನಾನು. ಜಗಲಿಗೆ ತಂದು, "ಇದು ಇವತ್ತು ಬೆಳಿಗ್ಗೆ ಕಿತ್ತ ಸೊಪ್ಪಿನದು. ಇದು ಹೋದ ತಿಂಗಳು ಕಿತ್ತಿದ್ದು. ಮೂಸಿ ಹೇಳಿ," ಅಂದಳು.

ನನ್ನ ಹೆಂಡತಿ ಮೊದಲನೆಯದಕ್ಕೆ ತಲೆದೂಗಿದಳು. ಎರಡನೆಯದು ಸಪ್ಪೆ ಅಂದಳು. ತಮ್ಮ ಇನ್ನೂ ಮುಂದೆ ಹೋಗಿ, ಎರಡನೆಯದರಲ್ಲಿ ಮುಗ್ಗಲು ವಾಸನೆ ಇದೆ, ಪಾಯಸಕ್ಕೆ ಹಾಕಬೇಡಿ ಅಂದ. ದೊಡ್ಡಮ್ಮ ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು, ಮತ್ತೆ ಮೊದಲನೆಯದನ್ನು ಮೂಸಿದರು. "ಎರಡೂ ಒಂದೇ ಪಾತ್ರೆದು. ಯಾರ ಕಣ್ಣಿಗೆ ಮಣ್ಣೆರಚ್ತೀಯೇ?"

ತಮ್ಮನ ಮುಖ ನೋಡಬೇಕಿತ್ತು. ಅವನ ಪರವಾಗಿ ಚಿನ್ನಿಯೇ ವಾದಿಸಿದಳು. 2005ರಲ್ಲಿ ಆಕ್ಸ್‌ಫರ್ಡ್‌ನವರು ಇದೇ ಕೆಲಸವನ್ನು ಯಂತ್ರದೊಳಗೆ ಮಾಡಿದ್ದಾರೆ. ಒಂದೇ ವಾಸನೆ ಬಿಟ್ಟು, ಒಮ್ಮೆ ಚೆಡ್ಡಾರ್ ಚೀಸ್ ಎಂದು, ಇನ್ನೊಮ್ಮೆ ಮೈ ವಾಸನೆ ಎಂದು ಪರದೆಯಲ್ಲಿ ತೋರಿಸಿದರು. ಚೀಸ್ ಎಂದಾಗ ಜನರಿಗೆ ಹಿತವಾಯಿತು, ಮೈ ವಾಸನೆ ಎಂದಾಗ ಮುಖ ಸಿಂಡರಿಸಿದರು. ಬರೀ ಬಾಯಿಮಾತಲ್ಲ, ಕಣ್ಣುಗುಳಿಯ ಮೇಲಿನ ಆ ಭಾಗದ ಚಟುವಟಿಕೆಯೂ ಹೆಸರಿಗೆ ತಕ್ಕಂತೆ ಬದಲಾಯಿತು. ಹಾಗಾಗಿ ತಮ್ಮ ಸುಳ್ಳು ಹೇಳಿರಲಿಕ್ಕಿಲ್ಲ, ಅವನಿಗೆ ನಿಜವಾಗಿಯೂ ಮುಗ್ಗಲು ಅನಿಸಿರಬಹುದು.

"ಅಷ್ಟು ತಿಳಿಯೋಕೆ ಅಷ್ಟು ದೊಡ್ಡ ಯಂತ್ರ ಬೇಕಾ?" ಅಂದರು ದೊಡ್ಡಮ್ಮ. ಅವರ ಮಾತಲ್ಲೂ ಹುರುಳಿದೆ. ನೀರಲ್ಲಿ ನೆನೆಸಿಟ್ಟ ಕಣಿಲೆಯ, ಅಂದರೆ ಎಳೆ ಬಿದಿರಿನ ಮೊಳಕೆಯ, ವಾಸನೆಗೆ ಹೊರಗಿನವರು ಮೂಗು ಮುಚ್ಚುತ್ತಾರೆ, ನಮಗೆ ಹಸಿವಾಗುತ್ತದೆ. ಆದರೆ ಬರೀ ಹೆಸರು ಬದಲಾದರೆ ಮಿದುಳಿನೊಳಗೂ ಬದಲಾಗುತ್ತದೆ ಎಂದು ಯಂತ್ರ ಇಲ್ಲದೆ ಹೇಳಲಾಗುತ್ತಿರಲಿಲ್ಲ, ಅಲ್ವಾ?

ಅಷ್ಟು ಹೊತ್ತು ಸುಮ್ಮನಿದ್ದ ದೊಡ್ಡಪ್ಪ ಕೇಳಿದರು. "ನನ್ನದು ಪೂರ್ತಿ ಹೋಗಿದೆಯಾ ಅಂತ ಯಂತ್ರ ಹೇಳುತ್ತಾ?"

ಚಿನ್ನಿ ಸುತ್ತಿಬಳಸಲಿಲ್ಲ. ವಾಸನೆ ಹೋದವರಲ್ಲಿ ಆ ಆಲ್‌ಫ್ಯಾಕ್ಟರಿ ಬಲ್ಬ್ ಕುಗ್ಗಿರುವುದು ಕಾಣಬಹುದು. ಆದರೆ ಯಂತ್ರದ್ದೇ ಕೊನೆಯ ಮಾತಲ್ಲ ಅಂದಳು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2019ರಲ್ಲಿ ಒಂದು ವಿಚಿತ್ರ ಪ್ರಕಟಿಸಿದರು. ಸ್ಕ್ಯಾನಿನಲ್ಲಿ ಆ ಬಲ್ಬೇ ಕಾಣದ ಕೆಲವು ಹೆಂಗಸರು, ಎಲ್ಲರ ಹಾಗೆ ಚೆನ್ನಾಗಿ ಮೂಸುತ್ತಿದ್ದರು. ಹೇಗೆ ಎನ್ನುವುದು ಇನ್ನೂ ಚರ್ಚೆಯಲ್ಲಿದೆ.

"ನಾನು ಹೆಂಗಸಲ್ವಲ್ಲ," ಅಂದರು ದೊಡ್ಡಪ್ಪ.

ಮೂಗಿಗೂ ಒಂದು ವ್ಯಾಯಾಮ ಇದೆ. ಜರ್ಮನಿಯ ಥಾಮಸ್ ಹುಮೆಲ್ ಮತ್ತು ಜೊತೆಯವರು 2009ರಲ್ಲಿ ತೋರಿಸಿದ್ದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಸಲ, 12 ವಾರ ಮನಸ್ಸಿಟ್ಟು ಮೂಸುವುದು. ಜ್ವರ, ಶೀತದಿಂದ ವಾಸನೆ ಹೋದವರಿಗೆ ಹೆಚ್ಚು ಉಪಯೋಗ, ಪೆಟ್ಟಿನಿಂದ ಹೋದದ್ದು ಮರಳುವುದು ಕಡಿಮೆ. ಇದನ್ನೂ ಅವಳು ಮುಚ್ಚಿಡಲಿಲ್ಲ. ದೊಡ್ಡಪ್ಪನಿಗೆ ಅದು ತಕರಾರಲ್ಲ. ಅವರ ತಕರಾರು ಪಟ್ಟಿಯ ಮೇಲೆ. ಗುಲಾಬಿ ಯಾಕೆ, ಕಾಫಿ ಹೂ ಇಡಬಾರದಾ? ಹೂ ಬಿಡೋದು ಬೇಸಿಗೆಯಲ್ಲಿ ಅಜ್ಜ, ಈಗ ಎಲ್ಲಿಂದ ತರೋದು? ಹಾಗಾದರೆ ಏಲಕ್ಕಿ ಇಡು. ಕೊನೆಗೆ ಐದು ಬಾಟಲಿ ಎಂದು ರಾಜಿಯಾಯಿತು. ನೀಲಗಿರಿ ಎಣ್ಣೆ ಮನೆಯಲ್ಲೇ ಇತ್ತು, ಮಳೆಗಾಲದಲ್ಲಿ ಅದಿಲ್ಲದ ಮನೆ ಯಾವುದು? ಗುಲಾಬಿಗೆ ಪನ್ನೀರು ಸಿಕ್ಕಿತು. ಹಳೇ ಮಾತ್ರೆ ಬಾಟಲಿಗಳನ್ನು ತೊಳೆದು ಒಣಗಿಸಿದ್ದು ನಾನು.

ಸಂಜೆಯೇ ಶುರುಮಾಡಿದರು. ಗುಲಾಬಿ, ಏನಿಲ್ಲ. ನಿಂಬೆ, ಏನಿಲ್ಲ. ಏಲಕ್ಕಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, ಏನಿಲ್ಲ. ಲವಂಗದ ಬಾಟಲಿಗೆ ಮುಖ ಹಿಂದಕ್ಕೆ ತೆಗೆದು, "ಇದು ಗೊತ್ತಾಯ್ತು!" ಅಂದರು.

"ಅದು ವಾಸನೆ ಅಲ್ಲ ಅಜ್ಜ, ಚುಚ್ಚೋದು. ಆಗಲೇ ಹೇಳಿದ್ನಲ್ಲ, ಆ ಇನ್ನೊಂದು ನರ."

"ಮೂಗಿನಲ್ಲೇ ತಾನೇ ಚುಚ್ಚಿದ್ದು? ಬರ್ಕೋ."

ಚಿನ್ನಿ ಪುಸ್ತಕದಲ್ಲಿ ವಾಸನೆಯ ಸಾಲಿನ ಪಕ್ಕ ಇನ್ನೊಂದು ಸಾಲು ಎಳೆದು, ಮೇಲೆ "ಚುಚ್ಚಿದ್ದು" ಎಂದು ಬರೆದು, ಅಲ್ಲಿ ಒಂದು ಗುರುತು ಹಾಕಿದಳು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಅದನ್ನು ಪರೀಕ್ಷಿಸಿ, ನೀಲಗಿರಿ ಬಾಟಲಿಗೆ ಕೈ ಚಾಚಿದರು.