ಫ್ಯಾನ್ ಕೂಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ

ಏಪ್ರಿಲ್-ಮೇ ಬಂತೆಂದರೆ ವಿಜಯಪುರದಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಸುತ್ತಲಿನ ಉಷ್ಣಾಂಶಕ್ಕೆ ಕೊಟ್ಟಿರುವ ಮಿತಿಯೇ 35. ಯಂತ್ರ ಕಾದಾಗ ಜನ ಮೊದಲು ಓಡುವುದು ಕೂಲಿಂಗ್ ಪ್ಯಾಡ್ ತರಲು. ಒಳಗಿನ ಗಾಳಿಯ ದಾರಿಯೇ ಕಟ್ಟಿಕೊಂಡಿದ್ದರೆ ಕೆಳಗಿನಿಂದ ಎಷ್ಟು ಊದಿದರೇನು? ಕೌದಿ ಮೇಲಿಟ್ಟು ಕೆಲಸ ಮಾಡುವವರಿಗಂತೂ ಅದಕ್ಕಿಂತ ಒಂದು ಮರದ ಹಲಗೆ ಮೇಲು.

ಬಿಸಿಗಾಳಿ ಹೊರಬರುವ ಜಾಲರಿಗೆ ಕೈ ಹಿಡಿದು ನೋಡಿ. ಸದ್ದು ಜೋರು, ಗಾಳಿ ಕಮ್ಮಿ ಎಂದರೆ ಧೂಳು. ಗಾಳಿ ಜೋರಾಗಿಯೇ ಬರುತ್ತಿದೆ, ಆದರೆ ಅಷ್ಟು ಬಿಸಿಯಿಲ್ಲ, ಪ್ರೊಸೆಸರ್ ಮಾತ್ರ 95 ಡಿಗ್ರಿ ತೋರಿಸುತ್ತಿದೆ ಎಂದರೆ ಅದರ ಕಾವು ಹೀರಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ಎರಡರ ನಡುವೆ ಕಾವು ದಾಟಿಸುವ ಲೇಪ, ಅಂದರೆ ಥರ್ಮಲ್ ಪೇಸ್ಟ್, ಒಣಗಿರಬೇಕು.

ಧೂಳು ಫ್ಯಾನಿನ ರೆಕ್ಕೆಗಿಂತ ಹೆಚ್ಚಾಗಿ ಕೂರುವುದು ಫ್ಯಾನಿಗೂ ತಾಮ್ರದ ಪೈಪಿನ ತುದಿಯ ತೆಳು ಪಟ್ಟಿಗಳಿಗೂ ನಡುವೆ, ಕಂಬಳಿಯ ತುಂಡಿನ ಹಾಗೆ. ಹೊರಗಿನಿಂದ ಬ್ರಷ್ ಆಡಿಸಿದರೆ ಅದು ಕದಲುವುದಿಲ್ಲ. ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ತಳ ಬಿಚ್ಚಿ; ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಯಾವ ಸ್ಕ್ರೂ ಎಲ್ಲಿಯದೆಂದು ಗುರುತಿರಲಿ: ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದು ಹಾಕಿದರೆ ಮೇಲ್ಭಾಗವೇ ಸೀಳಬಹುದು. ಫ್ಯಾನ್ ಬಿಚ್ಚಿ ಆ ಪದರನ್ನು ಎಬ್ಬಿಸಿ. ಬ್ಲೋವರ್ ಬಳಸುವುದಾದರೆ ರೆಕ್ಕೆ ತಿರುಗದಂತೆ ಹಿಡಿಯಿರಿ, ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ.

ಹೀಟ್‌ಸಿಂಕ್ ಎತ್ತಿದರೆ ಪೇಸ್ಟ್ ಬದಲಿಸಲೇಬೇಕು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಚಿಪ್ ಪೂರ್ತಿ ಮುಚ್ಚುವಷ್ಟು ತೆಳುವಾಗಿ ಹಚ್ಚಿ. ಸ್ಕ್ರೂಗಳ ಪಕ್ಕದಲ್ಲಿರುವ 1, 2, 3, 4ರ ಕ್ರಮದಲ್ಲೇ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಒಂದೇ ಕಡೆ ಒತ್ತಿದರೆ ಚಿಪ್ಪಿನ ಅಂಚು ಮುರಿಯಬಹುದು.

ಪ್ರೊಸೆಸರ್ ಮಿತಿ ತಲುಪಿದಾಗ (ಹಲವು ಇಂಟೆಲ್ ಚಿಪ್‌ಗಳಲ್ಲಿ ಅದು 100) ಮೊದಲು ವೇಗ ಇಳಿಸುತ್ತದೆ. ಆಗಲೂ ಕಾವು ಇಳಿಯದಿದ್ದರೆ ಲ್ಯಾಪ್‌ಟಾಪ್ ಗಪ್ಪನೆ ಆರಿಹೋಗುತ್ತದೆ, ಸೇವ್ ಮಾಡದ ಫೈಲ್ ಹೋದಂತೆಯೇ. ಆರಿದ ಮರುಕ್ಷಣ ಮತ್ತೆ ಬಟನ್ ಒತ್ತಬೇಡಿ, ತಣ್ಣಗಾಗಲಿ.

ಮುಚ್ಚಳ ಮುಚ್ಚಿದ ಮಾತ್ರಕ್ಕೆ ಯಂತ್ರ ಆಫ್ ಆಗುವುದಿಲ್ಲ, ಸಾಮಾನ್ಯವಾಗಿ ಸ್ಲೀಪ್‌ಗೆ ಹೋಗುತ್ತದೆ. ಬೆಳಗಾವಿ ಬಸ್ ಹತ್ತುವ ಮುಂಚೆ ಹಾಗೇ ಬ್ಯಾಗಿಗೆ ತುರುಕಿದರೆ, ಒಳಗೇ ಎಚ್ಚೆತ್ತು ಬಿಸಿಯೇರಿ ಕೂತಿರಬಹುದು. ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಆಫ್ ಆಗುವುದು) ಇಲ್ಲವೇ ಶಟ್‌ಡೌನ್ ಮಾಡಿ, ಲೈಟ್ ಆರಿದ ಮೇಲೆ ಒಳಗಿಡಿ. ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಕೊಟ್ಟರೆ ಮುಂದಿನ ಸಲ ಬೇಗ ಆನ್ ಆಗಲೆಂದು ಸ್ವಲ್ಪ ಭಾಗ ಉಳಿಸಿಕೊಳ್ಳುವ ಫಾಸ್ಟ್ ಸ್ಟಾರ್ಟ್‌ಅಪ್ ಇಲ್ಲದೆ ಪೂರ್ತಿ ಆಫ್ ಆಗುತ್ತದೆ. ಪವರ್ ಬಟನ್ ಅದುಮಿ ಹಿಡಿಯುವುದು ಯಂತ್ರ ಯಾವುದಕ್ಕೂ ಸ್ಪಂದಿಸದೆ ಸಿಕ್ಕಿಕೊಂಡಾಗ ಮಾತ್ರ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು. ಅದಕ್ಕೆ ಚಾರ್ಜ್ ಹಾಕಬೇಡಿ, ಚುಚ್ಚಬೇಡಿ, ಬದಲಿಸಿ.